ಹಾಡಿನ ಹುಚ್ಚು, ಬೂಟಿನ ಹುಚ್ಚು

(ಸಂಘದ ರಾಜ್ಯೋತ್ಸವ ಸಮಾರಂಭದ ಯುವಜನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮಗಿಂತ ಮುಂಚೆ ಮಾತಾಡಿದ ಮಹನೀಯರು 1956ರ ಏಕೀಕರಣದ ಬಗೆಗೂ ದಾಸಸಾಹಿತ್ಯದ ಬಗೆಗೂ ಹೇಳಿ ಈ ಸಭೆಯನ್ನು ಬಹಳ ಎತ್ತರಕ್ಕೆ ಏರಿಸಿದ್ದಾರೆ. ಅದನ್ನು ಅಲ್ಲಿಂದ ಇಳಿಸಿ ಅಂಗಾಲಿನ ಮಟ್ಟಕ್ಕೆ ತರುವ ಕೆಲಸ ನಮ್ಮ ಪಾಲಿಗೆ ಬಂದಿದೆ. ನಮ್ಮ ವಿಷಯ ಹೊಸ ಹಾಡಿನ ಆಲ್ಬಮ್ಮುಗಳು ಮತ್ತು ಸ್ನೀಕರ್ ಎಂಬ ಬೂಟುಗಳು. ನಗಬೇಡಿ, ನಗುವುದಕ್ಕೆ ಮುಂದೆ ಅವಕಾಶ ಬರುತ್ತದೆ.

ನಾವು ಬಿ.ಕಾಂ. ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವವರು. ‘ತಮ್ಮ ಪತ್ರ ತಲುಪಿತು, ನಾವು ತಮಗೆ ತಿಳಿಸುವುದೇನೆಂದರೆ’ ಎಂದು ಬರೆದೂ ಬರೆದೂ, ಒಬ್ಬರೇ ಇದ್ದಾಗಲೂ ‘ನಾವು’ ಎನ್ನುವುದು ರೂಢಿಯಾಗಿಬಿಟ್ಟಿದೆ. ಇದನ್ನು ದರ್ಪವೆಂದು ತಿಳಿಯಬಾರದು. ವಯಸ್ಸು ಮೂವತ್ತೈದು. ಕಾರ್ಯಕಾರಿ ಸಮಿತಿಯ ಹಿರಿಯರ ಕಣ್ಣಿಗೆ ನಾವು ಇನ್ನೂ ಹುಡುಗರು. ನಮ್ಮ ಅಕ್ಕನ ಮಗನ ಕಣ್ಣಿಗೆ ಪೆನ್ಶನ್ನಿಗೆ ಹತ್ತಿರವಾದವರು. ಈ ಅಕ್ಕನ ಮಗನೇ ಇಂದಿನ ಭಾಷಣಕ್ಕೆ ಕಾರಣ. ಅವನು ಕನ್ನಡದಲ್ಲಿ ಒಂದು ರ‍್ಯಾಪ್ ಕಟ್ಟಿದ್ದಾನೆ. ಅದನ್ನು ಈ ವೇದಿಕೆಯಲ್ಲಿ ಹಾಡಬೇಕೆಂದು ಕೇಳಿಕೊಂಡ. ಸಮಿತಿಯಲ್ಲಿ ಎರಡು ಗಂಟೆ ಚರ್ಚೆ ನಡೆಯಿತು. “ಇದು ಹಾಡೇ?” ಎಂದರು ಒಬ್ಬರು. “ಆ ಗುಡಾಣದಂಥ ಬೂಟು ಹಾಕಿಕೊಂಡು ಭುವನೇಶ್ವರಿಯ ಪಟದ ಮುಂದೆ ನಿಲ್ಲುತ್ತಾನೆಯೇ?” ಎಂದರು ಇನ್ನೊಬ್ಬರು. ಕೊನೆಗೆ, ಮೊದಲು ಯಾರಾದರೂ ಈ ವಿಷಯವನ್ನು ಸಭೆಗೆ ತಿಳಿಯುವಂತೆ ವಿವರಿಸತಕ್ಕದ್ದು, ಅನಂತರ ಹುಡುಗ ಹಾಡತಕ್ಕದ್ದು ಎಂದು ಗೊತ್ತುವಳಿಯಾಯಿತು. ಆ ‘ಯಾರಾದರೂ’ ನಾವು.

ಹಾಡನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವ ಹುಚ್ಚು ಹೊಸದೇನಲ್ಲ. ನಮ್ಮ ಅಪ್ಪಯ್ಯ 1972ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿದರು. ಹಗಲು ಹೋಟೆಲು, ಸಂಜೆ ರಾತ್ರಿ ಶಾಲೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂದಿತಷ್ಟೆ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದೇ ಎಂದು ಹೇಳುತ್ತಾರೆ. ಅಪ್ಪಯ್ಯ ಅದನ್ನು ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಂಡರು. ವಿಶೇಷವೇನೆಂದರೆ, ಅದನ್ನು ನುಡಿಸುವ ಯಂತ್ರ ಅವರಲ್ಲಿರಲಿಲ್ಲ. ವಾರಕ್ಕೊಮ್ಮೆ, ಹೋಟೆಲು ಮುಚ್ಚಿದ ಮೇಲೆ, ಗಲ್ಲೆಯಲ್ಲಿ ಕೂರುವವರ ಟೇಪ್ ರಿಕಾರ್ಡರಿನಲ್ಲಿ ಹಾಕಿಸಿ ಕೇಳುವುದು. ಉಳಿದ ಆರು ದಿನ ಟ್ರಂಕಿನಲ್ಲಿ ಬಟ್ಟೆಯ ನಡುವೆ ಇಡುವುದು. ಕೇಳುವ ಯಂತ್ರವಿಲ್ಲದವನು ಸುರುಳಿ ಕೊಂಡರೆ ಅವನನ್ನು ಏನೆನ್ನಬೇಕು? ನಮ್ಮ ತರುಣರ ಭಾಷೆಯಲ್ಲಿ ‘ಫ್ಯಾನ್’ ಎನ್ನುತ್ತಾರೆ.

ನಮ್ಮ ಕಾಲಕ್ಕೆ ಸುರುಳಿ ಹೋಗಿ ಸಿ.ಡಿ. ಬಂತು. ಕಾಲೇಜಿನ ದಿನಗಳಲ್ಲಿ ಕಾಲಾ ಘೋಡಾದ ರಿದಂ ಹೌಸ್ ನಮ್ಮ ತೀರ್ಥಕ್ಷೇತ್ರವಾಗಿತ್ತು. ಅಲ್ಲಿ ಕೊಳ್ಳದೆಯೂ ಕೇಳಬಹುದಾಗಿತ್ತು. 2016ರಲ್ಲಿ ಆ ಅಂಗಡಿ ಮುಚ್ಚಿತು. ಬ್ಯಾಂಕಿನಿಂದ ಊಟದ ಬಿಡುವಿನಲ್ಲಿ ಆ ಕಡೆ ಹೋದಾಗ ಕಾಲು ಇಂದಿಗೂ ತಾನಾಗಿ ನಿಧಾನವಾಗುತ್ತದೆ. ಅಲ್ಲಿಯೇ 2008ರಲ್ಲಿ ರಘು ದೀಕ್ಷಿತರ ಮೊದಲನೆಯ ಆಲ್ಬಮ್ ಕೊಂಡೆವು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಗಾಯಕ. ಆಲ್ಬಮ್ಮನ್ನು ಹೊರತಂದದ್ದು ನಮ್ಮ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರರ ಸಂಸ್ಥೆ. ಅದರಲ್ಲಿ ಹಿಂದಿ ಹಾಡುಗಳಿದ್ದವು, ಮುಂಬಯಿಯಲ್ಲಿ ಪವಾಡಕ್ಕಾಗಿ ಕಾದು ಕುಳಿತವನ ಒಂದು ಇಂಗ್ಲಿಷ್ ಹಾಡಿತ್ತು, ಇವುಗಳ ನಡುವೆ ಗಿಟಾರಿನ ಅಬ್ಬರದಲ್ಲಿ ಶಿಶುನಾಳ ಶರೀಫರ ಪದಗಳು! ಮನೆಗೆ ತಂದು ಹಾಕಿದೆವು. ಒಳಗೆ ಊಟಕ್ಕೆ ಕುಳಿತಿದ್ದ ಅಪ್ಪಯ್ಯ ಎಂಜಲು ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತರು. “ಇದ್ ನಮ್ ಮಾಷ್ಟ್ರು ರಾತ್ರಿ ಶಾಲೆಗ್ ಹೇಳ್ಕೊಟ್ಟದ್ದಲ್ದಾ?” ಎಂದರು. ಅಂದಿನಿಂದ ಆ ಆಲ್ಬಮ್ ನಮ್ಮಿಬ್ಬರದೂ ಆಯಿತು. ಹಿಂದಿ ಹಾಡು ಬಂದಾಗ ಮಾತ್ರ ಅವರು ಅಡುಗೆಮನೆಗೆ ಹೋಗುತ್ತಿದ್ದರು.

ಈಗ ಮುಂದಿನ ತಲೆಮಾರಿಗೆ ಬರೋಣ. ನಮ್ಮ ಅಕ್ಕನ ಮಗನಿಗೆ ಹದಿನಾರು ವರ್ಷ. ಮನೆಯಲ್ಲಿ ಕುಂದಾಪುರದ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಕೆಳಗೆ ಮರಾಠಿ, ರೈಲಿನಲ್ಲಿ ಹಿಂದಿ. ಕನ್ನಡ ಅಕ್ಷರ ಬಾರದು. ಇದು ಅವನೊಬ್ಬನ ಕಥೆಯಲ್ಲ. ಪಾಲಿಕೆಯ ಕನ್ನಡ ಶಾಲೆಗಳೂ ರಾತ್ರಿ ಶಾಲೆಗಳೂ ಒಂದೊಂದಾಗಿ ಕಡಿಮೆಯಾದ ಊರಿನಲ್ಲಿ ನಮ್ಮೆಲ್ಲರ ಮನೆಯ ಕಥೆ. ಅವನ ಕಿವಿಗೆ ಮೊದಲು ಬಿದ್ದದ್ದು ಅಂಧೇರಿಯ ಜೆ. ಬಿ. ನಗರದ ಡಿವೈನ್, ಕುರ್ಲಾದ ನೇಝಿ. ಈ ನೇಝಿ ಎಂಬ ತರುಣ 2014ರಲ್ಲಿ ತನ್ನ ಮೊದಲ ಹಾಡಿನ ಚಿತ್ರವನ್ನು ಒಂದು ಐಪ್ಯಾಡಿನಲ್ಲಿ ತೆಗೆದು ಜನರ ಮುಂದಿಟ್ಟವನು. ಮರುವರ್ಷ ಇಬ್ಬರೂ ಸೇರಿ ತಮ್ಮ ಗಲ್ಲಿಯ ಮೇಲೆ ಒಂದು ಹಾಡು ಮಾಡಿದರು. ಅವರ ಬಾಳಿನಿಂದ ಸ್ಫೂರ್ತಿ ಪಡೆದು 2019ರಲ್ಲಿ ‘ಗಲ್ಲಿ ಬಾಯ್’ ಚಿತ್ರವೂ ಬಂತು. ಡಿವೈನನ ‘ಕೋಹಿನೂರ್’ 2019ರದು, ‘ಪುಣ್ಯ ಪಾಪ್’ 2020ರದು, ‘ಗುನೆಹ್‌ಗಾರ್’ 2022ರದು. ಅಭಿಮಾನಿಯಾಗಿ ನಮ್ಮ ಅಭಿಪ್ರಾಯ ಕೇಳಿದರೆ, ‘ಕೋಹಿನೂರ್’ನಲ್ಲಿ ಗಲ್ಲಿಯ ಧೂಳು ಇನ್ನೂ ಇದೆ. ‘ಗುನೆಹ್‌ಗಾರ್’ನಲ್ಲಿ ಅಮೆರಿಕದ ಅತಿಥಿಗಳು ಬಂದು ಕೂತಿದ್ದಾರೆ, ಅತಿಥಿಗಳು ಬಂದ ಮನೆಯಲ್ಲಿ ಮನೆಯವರು ಸ್ವಲ್ಪ ಬಿಗಿಯಾಗಿ ಮಾತಾಡುವಂತೆ ಅಲ್ಲಿ ಹಾಡಿನ ಧಾಟಿ. ಅಕ್ಕನ ಮಗ ಇದನ್ನು ಒಪ್ಪುವುದಿಲ್ಲ. ಈ ಬಗ್ಗೆ ನಮ್ಮಿಬ್ಬರಿಗೂ ಡೊಂಬಿವಿಲಿಯಿಂದ ಭಾಯಖಳದವರೆಗೆ ಜಗಳವಾದದ್ದುಂಟು.

ಇವರನ್ನು ಕೇಳುತ್ತ ಕೇಳುತ್ತ, ಇಂಥದ್ದು ನಮ್ಮ ಭಾಷೆಯಲ್ಲಿ ಇದೆಯೇ ಎಂದು ಹುಡುಗ ತಾನಾಗಿ ಹುಡುಕಿದ. ಆಲ್ ಓಕೆ, ಎಂ.ಸಿ. ಬಿಜ್ಜು, ಚಂದನ್ ಶೆಟ್ಟಿ ಇವರನ್ನೆಲ್ಲ ಅವನೇ ನಮಗೆ ಪರಿಚಯಿಸಿದ್ದು. ಬೆಂಗಳೂರಿನ ಬ್ರೋಧ ವಿ 2012ರಲ್ಲೇ ಇಂಗ್ಲಿಷ್ ರ‍್ಯಾಪಿನ ನಡುವೆ ರಾಮನ ಭಜನೆ ಸೇರಿಸಿ ಹಾಡಿದ್ದನೆಂದು ಕೇಳಿ ನಮ್ಮ ಅಮ್ಮ ಆ ಹಾಡನ್ನು ಎರಡು ಸಲ ಹಾಕಿಸಿದರು. ಕನ್ನಡದಲ್ಲಿ ಪೂರ್ತಿ ಆಲ್ಬಮ್ ಬರುವುದಕ್ಕಿಂತ ಹೆಚ್ಚಾಗಿ ಒಂದೊಂದೇ ಹಾಡು ಬರುತ್ತದೆ. ಅವುಗಳಲ್ಲಿ ಕುಡಿತದ ಹಾಡುಗಳು ಬೇಕಾದ್ದಕ್ಕಿಂತ ಹೆಚ್ಚಾಗಿವೆ ಎಂಬುದು ನಮ್ಮ ಆಕ್ಷೇಪ. ಆದರೆ ಒಳ್ಳೆಯದು ಒಳ್ಳೆಯದೇ. ಇಬ್ಬರು ರ‍್ಯಾಪಿನವರು ಎದುರು ನಿಂತು ಪ್ರಾಸದಲ್ಲಿಯೇ ಒಬ್ಬರನ್ನೊಬ್ಬರು ಚುಚ್ಚುವ ಪದ್ಧತಿಯೊಂದಿದೆ. ಅದನ್ನು ನೋಡಿದ ಅಪ್ಪಯ್ಯ, “ಭಾಗವತರಿಲ್ಲದ ತಾಳಮದ್ದಳೆ” ಎಂದು ತೀರ್ಪು ಕೊಟ್ಟರು. ಅವರಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ನಾವು ನಿರೀಕ್ಷಿಸಿರಲಿಲ್ಲ.

ಹುಡುಗ ತಾನೂ ಬರೆಯತೊಡಗಿದ. ಅಕ್ಷರ ಬಾರದಾದ್ದರಿಂದ ಕನ್ನಡವನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ. ಒಂದು ಭಾನುವಾರ ಎಲ್ಲರ ಮುಂದೆ ಓದಿದ. ಅಜ್ಜಯ್ಯನ ಊರನ್ನು ಹೊಗಳುವ ಘಟ್ಟ ಬಂತು. ಗಂಭೀರವಾಗಿ ಎದೆ ತಟ್ಟಿಕೊಂಡು “ನಮ್ಮ ಹಲ್ಲಿ, ನಮ್ಮ ಹಲ್ಲಿ” ಎಂದ. ನಮ್ಮ ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. “ಹಲ್ಲಿ ಗ್ವಾಡಿ ಮೇಲ್ ಇಪ್ಪುದ್ ಮಗಾ, ನಾವ್ ಇಪ್ಪುದ್ ಹಳ್ಳಿ” ಎಂದರು. ಹುಡುಗನಿಗೆ ಅವಮಾನವಾಯಿತು. ಬಾಯಲ್ಲಿ ಅವನಿಗೆ ಳಕಾರ ಬಾರದೆಂದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಓದುವಾಗ ಲಕಾರವೂ ಳಕಾರವೂ ಒಂದೇ ಆಗಿ ಕಾಣುತ್ತವೆ. ಬಲೆಯೂ ಬಳೆಯೂ ಒಂದೇ, ಮನವೂ ಮಣವೂ ಒಂದೇ. ರ‍್ಯಾಪಿಗೆ ಪ್ರಾಸವೇ ಪ್ರಾಣ. ಅಕ್ಷರ ತಪ್ಪಿದರೆ ಪ್ರಾಸ ಸುಳ್ಳಾಗುತ್ತದೆ. ಮರುದಿನ ನಾವು ಬ್ಯಾಂಕಿನಿಂದ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, “ಮಾವ, ನಂಗೆ ಅಕ್ಷರ ಹೇಳ್ಕೊಡಿ” ಎಂದು ಒಂದು ಹೊಸ ನೋಟ್‌ಬುಕ್ ಹಿಡಿದು ಕುಳಿತ.

ಮಹನೀಯರೇ, ಅವನ ಏಳನೆಯ ವಯಸ್ಸಿನಿಂದ ನಮ್ಮ ಅಕ್ಕ ಕನ್ನಡ ಕಲಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೇಸಿಗೆ ಶಿಬಿರವಾಯಿತು, ಚಿತ್ರದ ಪುಸ್ತಕವಾಯಿತು, ಹೊಡೆತವೂ ಆಯಿತು. ಆಗ ಬಾರದ ಅಕ್ಷರ ಒಂದು ಹಲ್ಲಿಯ ದೆಸೆಯಿಂದ ನಾಲ್ಕು ತಿಂಗಳಲ್ಲಿ ಬಂತು. ಒತ್ತಕ್ಷರದಲ್ಲಿ ಈಗಲೂ ಎಡವುತ್ತಾನೆ. ಇಂದು ಹಾಡುವುದನ್ನು ಅವನು ಕನ್ನಡ ಅಕ್ಷರದಲ್ಲಿಯೇ ಬರೆದಿದ್ದಾನೆ. ಕಾಗದ ಕಾರ್ಯದರ್ಶಿಗಳ ಬಳಿ ಇದೆ, ಬೇಕಾದವರು ನೋಡಬಹುದು.

ಇನ್ನು ಬೂಟು. ಹಾಡಿಗೂ ಬೂಟಿಗೂ ಏನು ಸಂಬಂಧವೆಂದು ಸಮಿತಿಯಲ್ಲಿ ಕೇಳಿದ್ದರು. ಸ್ನೀಕರ್ ಎಂದರೆ ಸದ್ದಿಲ್ಲದೆ ನಡೆಯುವವನದು. ರಬ್ಬರಿನ ಅಟ್ಟೆಯಾದ್ದರಿಂದ ಆ ಹೆಸರು. ಬಹಳ ಕಾಲ ಅದು ಆಟಗಾರರ ಬೂಟಾಗಿತ್ತು. 1985ರಲ್ಲಿ ಮೈಕೆಲ್ ಜೋರ್ಡನ್ ಎಂಬ ಬಾಸ್ಕೆಟ್‌ಬಾಲ್ ಆಟಗಾರನ ಹೆಸರಿನಲ್ಲಿ ನೈಕಿಯವರು ಬೂಟು ಮಾರಿದರು. ಮರುವರ್ಷ ನ್ಯೂಯಾರ್ಕಿನ ರನ್-ಡಿಎಂಸಿ ಎಂಬ ರ‍್ಯಾಪ್ ತಂಡ ತಮ್ಮ ಅಡಿಡಾಸ್ ಬೂಟಿನ ಮೇಲೆಯೇ ಒಂದು ಹಾಡು ಕಟ್ಟಿತು. ಆ ತಂಡದವರು ಲಾಡಿಯಿಲ್ಲದೆ ಬೂಟು ಹಾಕುತ್ತಿದ್ದರು. ಕೇಳುವವರೂ ಲಾಡಿ ಕಿತ್ತರು. ಕಂಪನಿ ಅವರೊಡನೆ ಕರಾರು ಮಾಡಿಕೊಂಡಿತು. ಅಲ್ಲಿಂದ ಮುಂದೆ ಹಾಡೂ ಬೂಟೂ ಒಂದೇ ಮನೆಯ ಎರಡು ಬಾಗಿಲುಗಳಾದವು.

ಈಗ ಕಂಪನಿಗಳು ಬೇಕೆಂದೇ ಕೆಲವೇ ಜೋಡಿ ಮಾಡಿ, ಕೊಳ್ಳುವವರ ಹೆಸರನ್ನು ಚೀಟಿ ಎತ್ತಿ ಆರಿಸುತ್ತವೆ. ಚೀಟಿಯಲ್ಲಿ ಗೆದ್ದವನು ಹಾಕಿಕೊಳ್ಳದೆ ಇನ್ನೊಬ್ಬನಿಗೆ ಹೆಚ್ಚು ಬೆಲೆಗೆ ಮಾರುವುದುಂಟು. ಅವನು ಅಭಿಮಾನಿಯಲ್ಲ, ದಲಾಲಿ. ಅವನ ವಿಷಯ ಬಿಡಿ. ಸರ್ಕಾರವೂ ಈ ಹುಚ್ಚಿಗೆ ಒಂದು ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಯವರೆಗಿನ ಪಾದರಕ್ಷೆಗೆ ಶೇಕಡಾ 5 ಜಿ.ಎಸ್.ಟಿ., ಅದನ್ನು ಮೀರಿದ್ದಕ್ಕೆ ಶೇಕಡಾ 18.

ನಮ್ಮಲ್ಲಿ ಏಳು ಜೋಡಿ ಇವೆ. ಎಂಟಿದ್ದವು. ಆ ಎಂಟನೆಯದರ ವಿಷಯ ಹೇಳಬೇಕು. ಹೇಳುವುದು ಸುಲಭವಲ್ಲ, ಯಾಕೆಂದರೆ ನಮ್ಮ ಅಪ್ಪಯ್ಯ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ.

ಅಪ್ಪಯ್ಯ ಹೋಟೆಲಿನ ಅಡುಗೆಮನೆಯ ಒದ್ದೆ ನೆಲದ ಮೇಲೆ ವರ್ಷಗಟ್ಟಲೆ ಬರಿಗಾಲಲ್ಲಿ ನಿಂತವರು. ಅವರ ಕಾಲ್ಬೆರಳುಗಳ ಸಂದು ಯಾವಾಗಲೂ ಬೆಳ್ಳಗೆ ಕೊಳೆತು ಬಿರಿದಿರುತ್ತಿತ್ತು. ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಚ್ಚುವುದನ್ನು ನೋಡಿಯೇ ನಾವು ಬೆಳೆದದ್ದು. ನಮಗೆ ಬೂಟಿನ ಮೇಲೆ ಆಸೆ ಹುಟ್ಟಿದ್ದು ಹಾಡಿನಿಂದ ಮಾತ್ರವಲ್ಲ ಎಂದು ಕಾಣುತ್ತದೆ. 2013ರಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಒಂದು ವಿದೇಶಿ ಕಂಪನಿಯ ಬಿಳಿ-ಕೆಂಪು ಬೂಟು ಕೊಂಡೆವು. ಬೆಲೆ 8,995 ರೂಪಾಯಿ. ಸಂಬಳದ ಅರ್ಧಕ್ಕಿಂತ ಹೆಚ್ಚು. ಮನೆಗೆ ತಂದಾಗ ಅಪ್ಪಯ್ಯ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, “ಎಷ್ಟಾಯ್ತು?” ಎಂದರು. “ಒಂಬೈನೂರು” ಎಂದೆವು. “ಅಡ್ಡಿಲ್ಲ, ಗಟ್ಟಿ ಇತ್ತ್” ಎಂದರು.

ವಾರ ಕಳೆಯಲಿಲ್ಲ. ಹೋಟೆಲಿನಲ್ಲಿ ಅವರೊಡನೆ ಮೂವತ್ತು ವರ್ಷ ದುಡಿದ ಸ್ನೇಹಿತರೊಬ್ಬರಿಗೆ ಮಂಡಿನೋವು. ಅಪ್ಪಯ್ಯ ಅವರ ಒಂಬೈನೂರು ರೂಪಾಯಿ ತಂದು ನಮ್ಮ ಕೈಯಲ್ಲಿಟ್ಟು, “ಅವರಿಗೂ ಅಂಥದ್ದೇ ಒಂದ್ ಜೋಡಿ ತಕೊಂಡ್ ಬಾ” ಎಂದರು. ನಿಜ ಹೇಳುವ ಧೈರ್ಯ ಆಗಲೂ ಬರಲಿಲ್ಲ. ಕಾಮಾಟಿಪುರದ ಡೇಢ್ ಗಲ್ಲಿಯಲ್ಲಿ ಶುಕ್ರವಾರ ಬೆಳಕು ಹರಿಯುವುದಕ್ಕೆ ಮುಂಚೆ ಬೂಟಿನ ಸಂತೆ ಕೂಡುತ್ತದೆ. ನಸುಕಿನಲ್ಲಿ ಎದ್ದು ಹೋಗಿ, ಟಾರ್ಚಿನ ಬೆಳಕಿನಲ್ಲಿ ಹುಡುಕಿ, ಅದೇ ಬಣ್ಣದ ನಕಲಿ ಜೋಡಿಯನ್ನು 650 ರೂಪಾಯಿಗೆ ತಂದೆವು. ಉಳಿದ 250ನ್ನು ‘ಬ್ಯಾಂಕಿನವರಿಗೆ ರಿಯಾಯಿತಿ’ ಎಂದು ಹಿಂದಿರುಗಿಸಿದೆವು. ರಿಯಾಯಿತಿಯ ಸುದ್ದಿ ಕೇಳಿ ಇನ್ನೂ ಮೂವರು ದುಡ್ಡು ಕಳಿಸಿದರು. ನಾಲ್ಕು ಶುಕ್ರವಾರ ನಮಗೆ ನಿದ್ದೆಯಿಲ್ಲ. ಜಮಾಖರ್ಚಿನಲ್ಲಿ ಒಂದು ಸುಳ್ಳು ಅಂಕಿ ಬರೆದರೆ ಅದನ್ನು ಸರಿದೂಗಿಸಲು ಎಷ್ಟು ಪುಟ ಬೇಕಾಗುತ್ತದೆಂದು ಬಿ.ಕಾಂ.ನಲ್ಲಿ ಓದಿದ್ದೆವು, ಅದರ ಪ್ರಾತ್ಯಕ್ಷಿಕೆ ಆಗ ಆಯಿತು.

ಆ ಸ್ನೇಹಿತರು ನಕಲಿ ಜೋಡಿಯನ್ನು ದಿನವೂ ಹಾಕಿ, ಮಳೆಯಲ್ಲಿ ನೆನೆಸಿ, ಮೂರು ಸಲ ಹೊಲಿಸಿ, ಐದು ವರ್ಷ ನಡೆದರು. ನಮ್ಮ ಅಸಲಿ ಜೋಡಿ ಡಬ್ಬಿಯಲ್ಲಿ, ತೆಳು ಕಾಗದದ ಮಡಿಕೆಯಲ್ಲಿ, ಕಬ್ಬಿಣದ ಕಪಾಟಿನ ಮೇಲಿನ ಅರೆಯಲ್ಲಿ ಕುಳಿತಿತ್ತು. ಹನ್ನೊಂದು ವರ್ಷದಲ್ಲಿ ಮೂರು ಸಲ ಹಾಕಿರಬಹುದು. 2024ರ ಜುಲೈಯಲ್ಲಿ, ಅಕ್ಕನ ಮಗನನ್ನು ಒಂದು ರ‍್ಯಾಪ್ ಕಾರ್ಯಕ್ರಮಕ್ಕೆ ಕರೆದೊಯ್ಯುವ ದಿನ, ಇಂದಾದರೂ ಹಾಕೋಣವೆಂದು ತೆಗೆದೆವು. ಡೊಂಬಿವಿಲಿಯ ರೈಲು ಸೇತುವೆಯ ಅರ್ಧಕ್ಕೆ ಬಂದಾಗ ಕಾಲಿನ ಕೆಳಗೆ ಏನೋ ಕುಸಿದಂತಾಯಿತು. ತಿರುಗಿ ನೋಡಿದರೆ ಹಿಂದೆಲ್ಲ ಬಿಳಿಯ ಪುಡಿ, ರವೆ ಚೆಲ್ಲಿದ ಹಾಗೆ. ನಾಲ್ಕು ಹೆಜ್ಜೆಗೆ ಒಂದು ಬೂಟಿನ ಅಟ್ಟೆ ಪೂರ್ತಿ ಕಳಚಿತು. ಹುಡುಗ ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದ. ಸೇತುವೆಯ ಬುಡದಲ್ಲಿ ಕೂರುವ ಮೋಚಿಗೆ ತೋರಿಸಿದೆವು. ಅವನು ಬೆರಳಿನಿಂದ ಒತ್ತಿ, ಪುಡಿ ಉದುರಿಸಿ, “ಇದು ಹಾಕಿ ಹರಿದದ್ದಲ್ಲ ಸಾಹೇಬ, ಹಾಕದೆ ಹರಿದದ್ದು” ಎಂದ.

ಅವನ ಮಾತು ಸರಿ. ಇಂಥ ಬೂಟುಗಳ ಅಟ್ಟೆಯ ಒಳಗೆ ಪಾಲಿಯುರೆಥೇನ್ ಎಂಬ ನೊರೆಯಂಥ ವಸ್ತುವಿರುತ್ತದೆ. ಗಾಳಿಯ ತೇವ ಅದರೊಳಗೆ ಸೇರಿ, ಅದರ ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತದೆ. ಮುಂಬಯಿಯ ನಾಲ್ಕು ತಿಂಗಳ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ್ದು. ಡಬ್ಬಿಯಲ್ಲಿ ಮುಚ್ಚಿಟ್ಟರೂ ಅದು ನಿಲ್ಲುವುದಿಲ್ಲ. ಒಳಗೊಳಗೇ ಮುಗಿದುಹೋಗಿ, ಹೊರಗೆ ಹೊಸದಾಗಿಯೇ ಕಾಣುತ್ತದೆ. ಅಗ್ಗದ ಬೂಟುಗಳಲ್ಲಿ ಹೆಚ್ಚಾಗಿ ಹಾಕುವ ಇ.ವಿ.ಎ. ಎಂಬ ನೊರೆಗೆ ಈ ರೋಗ ತಗಲುವುದಿಲ್ಲವಂತೆ. ಹೀಗಾಗಿ 650 ರೂಪಾಯಿಯದು ಬದುಕಿತು, 8,995ರದು ಸತ್ತಿತು.

ಅಪ್ಪಯ್ಯ, ಬೆಲೆ ಈಗ ಗೊತ್ತಾಯಿತಲ್ಲ, ಮನೆಗೆ ಹೋಗಿ ಮಾತಾಡೋಣ. ಆದರೆ ಅದಕ್ಕೆ ಮುಂಚೆ ಒಂದು ಅರಿಕೆ. 1978ರಲ್ಲಿ ಸುರುಳಿ ತರಿಸಿದ ತಿಂಗಳು ಊರಿಗೆ ಹೋದ ಮನಿಯಾರ್ಡರಿನಲ್ಲಿ ಹಣ ಕಡಿಮೆಯಿತ್ತೆಂದೂ, ಹೋಟೆಲಿನಲ್ಲಿ ಲೋಟ ಒಡೆದದ್ದಕ್ಕೆ ಮುರಿದುಕೊಂಡರೆಂದು ತಾವು ಅಜ್ಜಿಗೆ ಕಾಗದ ಬರೆದಿರೆಂದೂ ಅಮ್ಮ ನಮಗೆ ಹೇಳಿದ್ದಾರೆ.

ಆ ಬೂಟು ಹೋದ ದುಃಖದಲ್ಲಿದ್ದಾಗ ನಮ್ಮ ಮನೆಯವರು ಸಮಾಧಾನ ಹೇಳಲಿಲ್ಲ. ಅವರ ತವರು ಬೆಳಗಾವಿ ಜಿಲ್ಲೆಯ ಅಥಣಿ. “ರೀ, ಹದಿಮೂರು ಸಾವಿರ ಕೊಟ್ಟು ಚೀಟಿ ಎತ್ತತೀರಿ, ನಮ್ಮೂರ ಚಪ್ಪಲಿ ನಿಮ್ಮ ಕಣ್ಣಿಗೆ ಒಂದಿನಾನೂ ಕಾಣಲಿಲ್ಲೇನು?” ಎಂದರು. ಅಥಣಿಯಲ್ಲಿ ಸಮಗಾರರ ಮನೆಗಳಲ್ಲಿ ಗಂಡಸರೂ ಹೆಂಗಸರೂ ಕೂತು ಹೊಲಿಯುವ ಚಪ್ಪಲಿಯನ್ನೇ ನಾವು ದಾದರಿನಲ್ಲಿ ಕೊಲ್ಹಾಪುರಿ ಎಂದು ಕೊಳ್ಳುತ್ತಿರಬಹುದು ಎಂಬುದು ನಮಗೆ ತಿಳಿದದ್ದು ಮದುವೆಯ ಅನಂತರ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದಮಾಡಿದ ತೊಗಲು. ಮೊಳೆಯಿಲ್ಲ, ತೊಗಲಿನ ಎಳೆಯಿಂದಲೇ ಹೊಲಿಗೆ. ಹಾಕಿದಷ್ಟೂ ಕಾಲಿಗೆ ಒಗ್ಗುತ್ತದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಗಡಿಯ ಬಗ್ಗೆ ಎರಡೂ ರಾಜ್ಯಗಳು ಏನೇ ವಾದಿಸಲಿ, ಚಪ್ಪಲಿಯ ಮಟ್ಟಿಗೆ ಜಂಟಿ ಖಾತೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದರಂಥದೇ ಚಪ್ಪಲಿ ತೋರಿಸಿ, ಇಲ್ಲಿಯ ಹೆಸರೆತ್ತದೆ ಹೋದಾಗ ದೊಡ್ಡ ಗದ್ದಲವಾಯಿತು. ಅನಂತರ ಅವರು ಮೂಲವನ್ನು ಒಪ್ಪಿಕೊಂಡರು. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್ ನಿಗಮಗಳೊಡನೆ ಒಪ್ಪಂದವಾಗಿ, ಎರಡು ರಾಜ್ಯಗಳಲ್ಲೂ ಸೇರಿ 2,000 ಜೋಡಿ ಮಾಡಿಸುವುದೆಂದೂ ಜೋಡಿಗೆ ಸುಮಾರು 800 ಯೂರೋ ಬೆಲೆಯೆಂದೂ ಪ್ರಕಟವಾಯಿತು. ನಮ್ಮ ಮನೆಯವರು ಆ ಸುದ್ದಿಯನ್ನು ಕತ್ತರಿಸಿ ನಮ್ಮ ಬೂಟಿನ ಕಪಾಟಿಗೆ ಅಂಟಿಸಿದ್ದಾರೆ.

ಈ ಸಲ ತವರಿಗೆ ಹೋದವರು ಅಕ್ಕನ ಮಗನಿಗೊಂದು ಜೋಡಿ ತಂದರು. ಹೊಸದು; ಕಾಲಿಟ್ಟರೆ ಕಿರ್ರ್ ಕಿರ್ರ್ ಎನ್ನುತ್ತದೆ. ಇದನ್ನು ಹಾಕಿ ಯಾರ ಹಿಂದೆಯೂ ಸದ್ದಿಲ್ಲದೆ ಹೋಗುವಂತಿಲ್ಲ. ಮೊದಮೊದಲು ಹುಡುಗ ನಾಚಿದ. ಆಮೇಲೆ ಒಂದು ರಾತ್ರಿ ಹಾಲಿನಲ್ಲಿ ನಡೆದೂ ನಡೆದೂ ಆ ಕಿರ್ರ್ ಸದ್ದನ್ನು ಮೊಬೈಲಿನಲ್ಲಿ ಹಿಡಿದ. ಏನು ಮಾಡುತ್ತಾನೆಂದು ನಮಗೆ ತಿಳಿಯಲಿಲ್ಲ. ಹಾಡಿಗೆ ಅದೇ ತಾಳವಂತೆ.

ನಮ್ಮ ವೇಳೆ ಮುಗಿಯಿತೆಂದು ಅಧ್ಯಕ್ಷರು ಗಂಟೆಯ ಮೇಲೆ ಕೈಯಿಟ್ಟಿದ್ದಾರೆ. ಹುಡುಗ ಪರದೆಯ ಹಿಂದೆ ನಿಂತಿದ್ದಾನೆ. ಅಜ್ಜಯ್ಯನ ಹಳ್ಳಿಯಿಂದ ಹಿಡಿದು ಬೆಳಗಿನ ಲೋಕಲ್ ರೈಲಿನವರೆಗೆ ಹಾಡು ನಾಲ್ಕು ನಿಮಿಷದ್ದು. ಧ್ವನಿವರ್ಧಕದವರು ದಯಮಾಡಿ ಸದ್ದು ಸ್ವಲ್ಪ ಹೆಚ್ಚಿಸಬೇಕು, ಮುಂದಿನ ಸಾಲಿನ ಮಕ್ಕಳು ಗದ್ದಲ ಮಾಡಬಾರದು. ಮೊದಲು ಕೇಳಿಸುವುದು ಚಪ್ಪಲಿ.